ಮರದಲ್ಲಿ ಉಳಿದ ಗೆರೆ

ಈಚೆಗೆ ಬರುತ್ತಿರುವ ಕಲಾವಿಮರ್ಶೆಯ ಬರೆಹಗಳಲ್ಲಿ ಒಂದು ಮಾತು ಪದೇ ಪದೇ ಕಣ್ಣಿಗೆ ಬೀಳುತ್ತದೆ. ಇಂಥ ಶಿಲ್ಪಿಯು ಮರವನ್ನು ಮಾಧ್ಯಮವನ್ನಾಗಿ ಬಳಸಿಕೊಂಡಿದ್ದಾನೆ, ಇಂಥ ಚಿತ್ರಗಾರ್ತಿಯು ಮರದಚ್ಚಿನ ಮೂಲಕ ತನ್ನ ಭಾವನೆಯನ್ನು ಪ್ರಕಟಪಡಿಸಿದ್ದಾಳೆ ಎಂದು. ಮಾತಿನಲ್ಲಿ ಸುಳ್ಳಿಲ್ಲ. ಆದರೆ ಹಾಗೆ ಹೇಳಿದಾಗ ಮರವು ಕೈಕಟ್ಟಿ ನಿಂತ ಆಳಿನಂತೆಯೂ ಕಲಾವಿದನು ಅಪ್ಪಣೆ ಕೊಡುವ ಧಣಿಯಂತೆಯೂ ನಮ್ಮ ಮನಸ್ಸಿನಲ್ಲಿ ಮೂಡುತ್ತಾರೆ. ಬಡಗಿಯ ಕೊಟ್ಟಿಗೆಯಲ್ಲಿ ಅರ್ಧ ದಿವಸ ಕುಳಿತು ನೋಡಿದವರು ಇದನ್ನು ಒಪ್ಪಲಾರರು. ಅಲ್ಲಿ ಅನೇಕ ಸಲ ಮರವೇ ಧಣಿ. ಎಲ್ಲಿ ಗಂಟಿದೆಯೋ ಅಲ್ಲಿ ಉಳಿಯು ಸುತ್ತಿಕೊಂಡು ಹೋಗಬೇಕು. ಎಳೆಯು ಎತ್ತ ಓಡಿದೆಯೋ ಅತ್ತಲೇ ಕೈಯೂ ಓಡಬೇಕು. ಮರದ ಈ ಹಟವನ್ನು ಅರಿತು ಅದರೊಡನೆ ಜಗಳವಾಡಿಯೋ ರಾಜಿಮಾಡಿಕೊಂಡೋ ಕೆಲಸ ಮಾಡಿದವರ ಕೃತಿಗಳಿಗೂ, ಕಾಗದದ ಮೇಲೆ ಮೊದಲೇ ಬರೆದುಕೊಂಡ ಚಿತ್ರವನ್ನು ಮರದ ತಲೆಗೆ ಹೊರಿಸಿದವರ ಕೃತಿಗಳಿಗೂ ದೊಡ್ಡ ಅಂತರವುಂಟೆಂದು ನಮ್ಮ ಅಭಿಪ್ರಾಯ. ಒಬ್ಬ ಕಲಾವಿದೆಯ ಒಂದು ಅಚ್ಚನ್ನು ಮುಂದಿಟ್ಟುಕೊಂಡು ಈ ಅಭಿಪ್ರಾಯವನ್ನು ಪರೀಕ್ಷಿಸಿ ನೋಡಲು ಇಲ್ಲಿ ಹೊರಟಿದ್ದೇವೆ. ಕಲಾವಿದೆ ಜರೀನಾ ಹಾಶ್ಮಿ. ಕಲಾಲೋಕದಲ್ಲಿ ಅವರು ಬರಿಯ ಜರೀನಾ ಎಂದೇ ಪರಿಚಿತರು. ಅಚ್ಚು, ೨೦೦೧ರಲ್ಲಿ ಅವರು ಮರದಲ್ಲಿ ಕೊರೆದ 'ವಿಭಜಕ ರೇಖೆ'.

ಮೊದಲಿಗೇ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಆ ಅಚ್ಚಿನ ಮೂಲ ಹಾಳೆಯನ್ನು ನಾವು ಕಂಡವರಲ್ಲ. ಪುಸ್ತಕದಲ್ಲಿ ಮುದ್ರಿತವಾದ ಪ್ರತಿಯನ್ನಷ್ಟೇ ಕಂಡಿದ್ದೇವೆ. ಕೈಕಾಗದದ ಮೇಲೆ ಮಸಿಯು ಎಷ್ಟು ದಪ್ಪವಾಗಿ ಕುಳಿತಿದೆ, ಹಲಗೆ ಒತ್ತಿದಲ್ಲಿ ಕಾಗದ ಎಷ್ಟು ತಗ್ಗಿದೆ, ಇವನ್ನು ಕುರಿತು ಮಾತನಾಡುವ ಅಧಿಕಾರ ನಮಗಿಲ್ಲ. ಗೆರೆಯನ್ನು ಕುರಿತು ಮಾತನಾಡಬಹುದೆಂದು ತೋರುತ್ತದೆ.

ಅಚ್ಚಿನ ಕೆಲಸದ ಪರಿಚಯವಿಲ್ಲದ ವಾಚಕರು ದೂರ ಹೋಗಬೇಕಾದ್ದಿಲ್ಲ. ತಮ್ಮ ಕೈಯಲ್ಲಿರುವ ಈ ಪತ್ರಿಕೆಯನ್ನೇ ನೋಡಬಹುದು. ಮೇಣದ ಹಾಳೆಯ ಮೇಲೆ ಉಕ್ಕಿನ ಮೊನೆಯಿಂದ ಬರೆದಾಗ ಮೇಣವು ಹರಿಯುತ್ತದೆ. ಹರಿದೆಡೆಯಲ್ಲಿ ಮಸಿ ಇಳಿದು ಕೆಳಗಿನ ಕಾಗದವನ್ನು ಮುಟ್ಟುತ್ತದೆ. ಎಂದರೆ ಇಲ್ಲಿ ಕೊರೆದದ್ದೇ ಕಪ್ಪು. ಮರದಚ್ಚಿನಲ್ಲಿ ಇದು ತಲೆಕೆಳಗು. ಹಲಗೆಯ ಮೈಮೇಲೆ ಮಸಿಯ ಉರುಳೆಯನ್ನು ಹಾಯಿಸಿ ಕಾಗದವನ್ನೊತ್ತಿದರೆ, ಉಳಿಯು ಮುಟ್ಟದೆ ಬಿಟ್ಟ ಭಾಗ ಕಪ್ಪಾಗುತ್ತದೆ. ಕೊರೆದು ತೆಗೆದದ್ದು ಬಿಳಿಯಾಗಿಯೇ ಉಳಿಯುತ್ತದೆ. ನಮ್ಮ ಶಾಲೆಯ ಮಕ್ಕಳು ಬೆಂಡೆಕಾಯಿಯನ್ನು ಅಡ್ಡಕ್ಕೆ ಕೊಯ್ದು ಬಣ್ಣದಲ್ಲಿ ಅದ್ದಿ ಹೂವು ಒತ್ತುವಾಗ ಈ ತತ್ತ್ವವನ್ನು ಯಾರೂ ಹೇಳಿಕೊಡದೆ ಕಂಡುಕೊಳ್ಳುತ್ತಾರೆ. ಆಲೂಗಡ್ಡೆಯ ಹೋಳಿನಲ್ಲಿ ತಮ್ಮ ಹೆಸರಿನ ಮೊದಲಕ್ಷರವನ್ನು ಮಾಡಹೊರಟಾಗ ಮಾತ್ರ ಎರಡು ಕಷ್ಟಗಳು ಎದುರಾಗುತ್ತವೆ. ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿ ಬರೆಯಬೇಕು, ಇದೊಂದು. ಇನ್ನೊಂದು, ಅಕ್ಷರವನ್ನು ಕೊರೆಯುವಂತಿಲ್ಲ; ಅಕ್ಷರದ ಸುತ್ತಮುತ್ತಲಿನದನ್ನೆಲ್ಲ ಕೊರೆದು ಅಕ್ಷರವನ್ನು ಉಳಿಸಿಕೊಳ್ಳಬೇಕು. ಈ ಎರಡನೆಯದು ಮಕ್ಕಳಿಗೆ ಬಹಳ ಹೊತ್ತು ಅರ್ಥವಾಗುವುದಿಲ್ಲ. ನಮಗೂ ಪೂರ್ತಿಯಾಗಿ ಅರ್ಥವಾಗಿರಲಿಲ್ಲವೆಂಬುದು ಈಚೆಗೆ ತಿಳಿಯಿತು. ಆ ಕಥೆಯನ್ನು ಮುಂದೆ ಹೇಳುತ್ತೇವೆ.

ಅಚ್ಚಿಗೆಂದು ಮರವನ್ನು ಕೊಯ್ಯುವುದು ಎರಡು ಬಗೆ. ಕಾಂಡದ ಉದ್ದಕ್ಕೆ ಸೀಳಿ ತೆಗೆದ ಹಲಗೆ ಒಂದು. ಕಾಂಡವನ್ನು ಅಡ್ಡಲಾಗಿ ಕತ್ತರಿಸಿದಾಗ ದೊರೆಯುವ ಬಿಲ್ಲೆ ಇನ್ನೊಂದು. ಬಿಲ್ಲೆಯ ಮುಖದಲ್ಲಿ ಎಳೆಗಳೆಲ್ಲ ತುದಿಯೆತ್ತಿ ನಿಂತಿರುವುದರಿಂದ ಉಳಿಯು ಎತ್ತ ತಿರುಗಿದರೂ ತಡೆಯಿಲ್ಲ. ಇಂಗ್ಲೆಂಡಿನ ಥಾಮಸ್ ಬ್ಯೂಯಿಕ್ (೧೭೫೩–೧೮೨೮) ಎಂಬವನು ಗಟ್ಟಿಯಾದ ಬಾಕ್ಸ್ ಮರದ ಇಂಥ ಬಿಲ್ಲೆಗಳಲ್ಲಿ ಹಕ್ಕಿಯ ಗರಿಗಳ ನವುರನ್ನು ಕೂಡ ತೋರಿಸಿದನು. ನಮ್ಮ ದೇಶದಲ್ಲಿ ಹರೇನ್ ದಾಸ್ (೧೯೨೧–೧೯೯೩) ಇದೇ ವಿದ್ಯೆಯಿಂದ ಬಂಗಾಳದ ಹಳ್ಳಿಯ ಬಾಳನ್ನು ಕೊರೆದಿಟ್ಟರು. ಅವರ ಕೈಚಳಕಕ್ಕೆ ತಲೆಬಾಗಲೇಬೇಕು. ಆದರೆ ಆ ಅಚ್ಚುಗಳನ್ನು ನೋಡುವಾಗ ಇದು ಮರದಿಂದ ಬಂದದ್ದೆಂಬುದೇ ಮರೆತುಹೋಗುತ್ತದೆ. ತಾಮ್ರದಲ್ಲಿ ಮಾಡಿದ್ದರೂ ಆಗುತ್ತಿತ್ತೇನೋ ಎನ್ನಿಸುತ್ತದೆ. ಮರವು ಅಲ್ಲಿ ಪೂರ್ಣ ವಿಧೇಯ.

ನಮ್ಮ ಒಲವು ಹಲಗೆಯ ಕಡೆಗೆ. ನಾರ್ವೆಯ ಎಡ್ವರ್ಡ್ ಮುಂಕ್ 'ಚುಂಬನ'ವೆಂಬ ತನ್ನ ಅಚ್ಚಿನ ೧೯೦೨ರ ರೂಪದಲ್ಲಿ ಹಿನ್ನೆಲೆಗೆಂದು ಒಂದು ಹಲಗೆಗೆ ಚಿತ್ರವನ್ನು ಕೊರೆಯದೆ ಹಾಗೆಯೇ ಮಸಿ ಹಚ್ಚಿ ಒತ್ತಿದನು. ಮರದ ಎಳೆಗಳು ಹಾಳೆಯ ತುಂಬ ಹರಿಯುತ್ತವೆ. ಅಪ್ಪಿಕೊಂಡು ನಿಂತ ಆ ಇಬ್ಬರು ಯಾವ ಊರಿನವರು, ಯಾವ ಕೋಣೆಯಲ್ಲಿ ನಿಂತಿದ್ದಾರೆ ಎಂದು ತಿಳಿಸುವ ಕೆಲಸವನ್ನು ಆತನು ಮರಕ್ಕೆ ಬಿಟ್ಟನು. ಮರವು ತಿಳಿಸಲಿಲ್ಲ. ಅದರಿಂದ ಚಿತ್ರ ಕೆಟ್ಟಿಲ್ಲ, ಬೆಳೆದಿದೆ.

ಶಿಲ್ಪದಲ್ಲಿ ಮರದ ಮಾತಿಗೆ ಹೀಗೆ ಕಿವಿಗೊಟ್ಟವರಲ್ಲಿ ಇಟಲಿಯ ಜುಸೆಪ್ಪೆ ಪೆನೋನೆಯ (ಜನನ ೧೯೪೭) ಹೆಸರನ್ನು ಹೇಳಲೇಬೇಕು. ಆತನು ೧೯೬೯ರಿಂದ ಮಾಡುತ್ತ ಬಂದ ಒಂದು ಬಗೆಯ ಕೆಲಸ ಹೀಗಿದೆ. ಕಟ್ಟಡಕ್ಕೆಂದು ಚೌಕವಾಗಿ ಕೊಯ್ದ ದೊಡ್ಡ ತೊಲೆಯೊಂದನ್ನು ತಂದುಕೊಳ್ಳುತ್ತಾನೆ. ಅದರ ತುದಿಯಲ್ಲಿ ವರ್ಷಕ್ಕೊಂದರಂತೆ ಬೆಳೆದ ಬಳೆಗಳು ಕಾಣುತ್ತವಷ್ಟೆ. ಅವುಗಳಲ್ಲಿ ಒಂದನ್ನು ಆರಿಸಿಕೊಂಡು ಅದರ ಹೊರಗಿರುವ ಮರವನ್ನೆಲ್ಲ ತಾಳ್ಮೆಯಿಂದ ಕೆತ್ತಿ ತೆಗೆಯುತ್ತಾನೆ. ಗಂಟುಗಳನ್ನು ಮಾತ್ರ ಬಿಟ್ಟುಬಿಡುತ್ತಾನೆ. ಗಂಟೆಂದರೆ ಒಂದು ಕಾಲದ ಕೊಂಬೆಯ ಬುಡ. ಕೆತ್ತುತ್ತ ಹೋದಂತೆ ತೊಲೆಯ ಹೊಟ್ಟೆಯೊಳಗಿನಿಂದ, ಆ ಮರವು ಎಳೆಯದಾಗಿದ್ದಾಗ ಹೇಗಿತ್ತೋ ಹಾಗೆ, ಕೊಂಬೆಗಳ ಸಮೇತ ಒಂದು ಸಸಿಮರ ಹೊರಬರುತ್ತದೆ. ಬುಡದಲ್ಲಿ ಸ್ವಲ್ಪ ಭಾಗ ತೊಲೆಯಾಗಿಯೇ ಉಳಿದಿರುತ್ತದೆ. ಬ್ರಿಟನಿನ ಟೇಟ್ ಸಂಗ್ರಹದಲ್ಲಿರುವ 'ಹನ್ನೆರಡು ಮೀಟರಿನ ಮರ' (೧೯೮೦–೮೨) ಈ ಜಾತಿಯದು. ಇಲ್ಲಿ ಶಿಲ್ಪಿಯು ತಾನಾಗಿ ಯಾವ ಆಕಾರವನ್ನೂ ಕಲ್ಪಿಸಲಿಲ್ಲ. ಯಾವ ವರ್ಷದಲ್ಲಿ ನಿಲ್ಲಬೇಕೆಂಬುದನ್ನಷ್ಟೇ ನಿಶ್ಚಯಿಸಿದನು. ನಮ್ಮ ಆಚಾರಿಗಳು ಗಂಟು ಕಂಡರೆ ಹಲಗೆಯನ್ನು ಪಕ್ಕಕ್ಕಿಡುತ್ತಾರೆ. ಈ ಶಿಲ್ಪವನ್ನು ಕುರಿತು ಓದಿದ ಮೇಲೆ ನಾವು ಮನೆಯ ಅಟ್ಟದ ತೊಲೆಯಲ್ಲಿರುವ ಗಂಟುಗಳನ್ನು ಎಣಿಸಿದೆವು. ಹದಿನೇಳು ಇದ್ದವು.

ಬ್ರಿಟನಿನ ಡೇವಿಡ್ ನ್ಯಾಶ್ (ಜನನ ೧೯೪೫) ಎಂಬವನ ಓಕ್ ಮರದ ಗುಂಡು ಇದಕ್ಕಿಂತ ಹೆಚ್ಚು ಪ್ರಸಿದ್ಧವಾಗಿರಬಹುದು. ಅದನ್ನು ಆತನು ೧೯೭೮ರಲ್ಲಿ ವೇಲ್ಸಿನ ತೊರೆಯೊಂದರ ಮೂಲಕ ಸಾಗಿಸಹೊರಟಾಗ ಅದು ನಡುವೆ ಸಿಕ್ಕಿಕೊಂಡಿತು. ಆತನು ಅದನ್ನು ನೀರಿನ ಪಾಲಿಗೆ ಬಿಟ್ಟುಬಿಟ್ಟನು. ನೆರೆ ಬಂದಾಗಲೊಮ್ಮೆ ಉರುಳುತ್ತ ೨೦೦೩ರಲ್ಲಿ ಅದು ನದೀಮುಖವನ್ನು ಸೇರಿತು. ಸೊಗಸಾದ ವಿಷಯವೇ. ಆದರೆ ಹೊಗಳಿಕೆಯಲ್ಲಿ ಅರ್ಧ ತೊರೆಗೆ ಸಲ್ಲಬೇಕಾದ್ದು.

ಕರಾವಳಿಯವರಾದ ನಮಗೆ ಮರವು ದೈವದ ಮೈಯಾಗಿ ಬಹಳ ಕಾಲದಿಂದ ಪರಿಚಿತವಾಗಿದೆ. ಉಡುಪಿಯ ಕಡೆಯ ಮೆಕ್ಕೆಕಟ್ಟಿನ ನಂದಿಕೇಶ್ವರ ದೇವಾಲಯದಲ್ಲಿದ್ದ ಹಳೆಯ ಮರದ ಭೂತವಿಗ್ರಹಗಳಲ್ಲಿ ಕೆಲವನ್ನು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿ ಇರಿಸಿದ್ದಾರೆ. ಮಳೆಗೂ ಗೆದ್ದಲಿಗೂ ಸಿಕ್ಕಿ ಜೀರ್ಣವಾದ ವಿಗ್ರಹವನ್ನು ಬಿಟ್ಟು ಹೊಸದನ್ನು ಮಾಡಿಸುವುದು ನಮ್ಮಲ್ಲಿ ನಡೆದುಬಂದದ್ದು. ಕಲ್ಲಿನ ದೇವರು ನಮ್ಮನ್ನು ಮೀರಿ ಬಾಳುತ್ತಾನೆ. ಮರದ ದೈವ ನಮ್ಮೊಡನೆ ಮುಪ್ಪಾಗುತ್ತದೆ. ಇದು ವಿಷಯಾಂತರವಾಯಿತು.

ಶಿಲ್ಪದಲ್ಲಿ ಮರವು ಕಣ್ಣೆದುರಿಗೆ ನಿಂತಿರುತ್ತದೆ. ಅಚ್ಚಿನಲ್ಲಾದರೋ ನಮ್ಮ ಮುಂದಿರುವುದು ಕಾಗದ. ಮರವು ಬಂದುಹೋದ ಗುರುತು ಮಾತ್ರ ಅದರ ಮೇಲುಂಟು. ಬಂದುಹೋದದ್ದರ ಗುರುತೇ ಜರೀನಾ ಅವರ ಜೀವಮಾನದ ವಿಷಯವಾಗಿದ್ದರಿಂದ ಮರದಚ್ಚು ಅವರಿಗೆ ಒಲಿದದ್ದು ಆಕಸ್ಮಿಕವಲ್ಲ. ಅವರು ಹುಟ್ಟಿದ್ದು ೧೯೩೭ರಲ್ಲಿ, ಅಲಿಗಢದಲ್ಲಿ. ತಂದೆ ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಇತಿಹಾಸದ ಅಧ್ಯಾಪಕರು. ಮಗಳು ಅಲ್ಲಿಯೇ ೧೯೫೮ರಲ್ಲಿ ಗಣಿತದ ಪದವಿಯನ್ನು ಪಡೆದರು. ವಿದೇಶಾಂಗ ಇಲಾಖೆಯಲ್ಲಿದ್ದವರನ್ನು ಮದುವೆಯಾಗಿ ಊರೂರು ತಿರುಗುವಂತಾಯಿತು. ಬ್ಯಾಂಕಾಕಿನಲ್ಲಿ ಮರದಚ್ಚಿನ ಮೊದಲ ಪಾಠ. ಪ್ಯಾರಿಸಿನಲ್ಲಿ ಸ್ಟ್ಯಾನ್ಲಿ ವಿಲಿಯಂ ಹೇಟರನ ಹೆಸರಾಂತ ಕಾರ್ಯಾಗಾರದಲ್ಲಿ ಅಭ್ಯಾಸ. ೧೯೭೪ರಲ್ಲಿ ಟೋಕಿಯೋಗೆ ಹೋಗಿ ತೋಶಿ ಯೋಶಿದರ ಕಾರ್ಯಾಗಾರದಲ್ಲಿ ಮತ್ತೆ ವಿದ್ಯಾರ್ಥಿನಿ. ಅನಂತರ ನ್ಯೂಯಾರ್ಕಿನಲ್ಲಿ ನೆಲಸಿದರು. ಈ ನಡುವೆ ೧೯೫೯ರಲ್ಲಿ ಅವರ ತಂದೆತಾಯಿಗಳು ಕರಾಚಿಗೆ ಹೊರಟುಹೋದರು. ದೇಶಾಂತರದಿಂದ ಮಗಳು ಹಿಂದಿರುಗಬೇಕಾದ ಮನೆ ಊರಿನಲ್ಲಿ ಇಲ್ಲವಾಯಿತು. ೨೦೨೦ರ ಏಪ್ರಿಲ್ ೨೫ರಂದು ಅವರು ಲಂಡನ್ನಿನಲ್ಲಿ ತೀರಿಕೊಂಡರು.

೧೯೬೮ರಿಂದ ಕೆಲವು ವರ್ಷ ದೆಹಲಿಯಲ್ಲಿದ್ದಾಗ ಅವರು ಮಾಡಿದ ಅಚ್ಚುಗಳು ವಿಚಾರಯೋಗ್ಯವಾಗಿವೆ. ಮರದ ತುಂಡುಗಳನ್ನು ಒಂದರ ಪಕ್ಕಕ್ಕೊಂದು ಜೋಡಿಸಿ ಮಸಿ ಹಚ್ಚಿ ಒತ್ತುವುದು; ಅಷ್ಟೆ. ಚಿತ್ರ ಬಿಡಿಸುವ ಗೋಜಿಲ್ಲ. ೧೯೭೦ರ 'ಪಂಜರ' ಹೀಗೆ ಮಾಡಿದ್ದು. ಹಲಗೆಯ ಎಳೆ, ಬಿರುಕು, ಗರಗಸದ ಗಾಯ, ಇವೇ ಹಾಳೆಯ ಮೇಲೆ ಬಂದು ನಿಲ್ಲುತ್ತವೆ. ಮುಂಕನ ಹಿನ್ನೆಲೆ ಇಲ್ಲಿ ಮುನ್ನೆಲೆಗೆ ಬಂದಿದೆಯೆನ್ನಬಹುದು. ಇಷ್ಟು ವಿನಯದಿಂದ ಮರದ ಮುಂದೆ ನಿಂತ ಕಲಾವಿದೆಯು ಮೂವತ್ತು ವರ್ಷಗಳ ಮೇಲೆ ಉಳಿಯನ್ನು ಹಿಡಿದು ಗೆರೆಯೊಂದನ್ನು ಮಾಡಹೊರಟಾಗ, ಅದು ಸಾಮಾನ್ಯ ಗೆರೆಯಾಗಲಾರದೆಂದು ನಾವು ಊಹಿಸಬೇಕಾಗಿತ್ತು.

ಊಹಿಸಲಿಲ್ಲ. 'ವಿಭಜಕ ರೇಖೆ'ಯನ್ನು ಪುಸ್ತಕದಲ್ಲಿ ಮೊದಲು ಕಂಡಾಗ ನಾವು ಪುಟವನ್ನು ತಿರುಗಿಸಿ ಮುಂದೆ ಹೋದೆವೆಂಬುದನ್ನು ನಾಚಿಕೆಯಿಂದ ಹೇಳಿಕೊಳ್ಳುತ್ತೇವೆ. ಮೇಲಿನಿಂದ ಕೆಳಕ್ಕೆ ಡೊಂಕುಡೊಂಕಾಗಿ ಇಳಿಯುವ ಒಂದು ದಪ್ಪ ಕಪ್ಪು ಗೆರೆ. ಎರಡು ಪಕ್ಕದಲ್ಲಿಯೂ ಬಿಳುಪು. ಆ ಬಿಳುಪಿನಲ್ಲಿ ಅಲ್ಲಲ್ಲಿ ಸಣ್ಣ ಸಣ್ಣ ಕರಿಯ ಗೀಟುಗಳು. ನಕಾಶೆಯಲ್ಲಿರತಕ್ಕ ಊರು, ನದಿ, ಬಣ್ಣ ಯಾವುದೂ ಇಲ್ಲ. ಭಾರತ–ಪಾಕಿಸ್ತಾನಗಳ ಪಶ್ಚಿಮದ ಗಡಿಯೆಂದು ಗುರುತು ಹತ್ತುತ್ತದೆ. ಗುರುತು ಹತ್ತಿದೊಡನೆ ಕೆಲಸ ಮುಗಿಯಿತೆನ್ನಿಸುತ್ತದೆ. ಐದನೆಯ ತರಗತಿಯ ಹುಡುಗರು ತಿಂಗಳಿಗೊಮ್ಮೆ ಇಷ್ಟನ್ನು ಬರೆದು ತೋರಿಸುತ್ತಾರೆ, ಇದರಲ್ಲೇನಿದೆ ಎಂದು ನಮ್ಮ ಮನಸ್ಸು ಹೇಳಿತು. ಗೆರೆ ಅಷ್ಟು ದಪ್ಪವಾಗಿರುವುದು ಒರಟುತನವೆಂದೂ ಆ ಗೀಟುಗಳನ್ನು ಸವರಿ ಶುಚಿಗೊಳಿಸಬೇಕಾಗಿತ್ತೆಂದೂ ತೋರಿತು. ಮಾಷ್ಟ್ರುಗಳಿಗೆ ಶುಚಿಯಾದ ನಕಾಶೆಯ ಮೇಲೆ ಮೋಹ ಹೆಚ್ಚು.

ಕೆಲವು ತಿಂಗಳುಗಳ ತರುವಾಯ ಶಾಲೆಯ ಮಕ್ಕಳಿಗೆ ಮರದಚ್ಚನ್ನು ಮಾಡಿ ತೋರಿಸಬೇಕೆಂಬ ಹುಮ್ಮಸ್ಸು ಬಂದಿತು. ಆ ಗಡಿಗೆರೆಯನ್ನೇ ಮಾಡೋಣವೆಂದುಕೊಂಡೆವು. ಸುಲಭವೆಂದೇ ಅದನ್ನು ಆರಿಸಿದ್ದು. ಗೋಡೆಯ ನಕಾಶೆಯ ಮೇಲೆ ತೆಳುಕಾಗದವನ್ನಿಟ್ಟು ಗೆರೆಯನ್ನು ತೆಗೆದುಕೊಂಡು, ಕಾಗದವನ್ನು ಮಗುಚಿ, ನಮ್ಮ ಊರಿನ ಆಚಾರಿಯವರ ಕೊಟ್ಟಿಗೆಯಲ್ಲಿ ಒಂದು ಮಾವಿನ ಹಲಗೆಯ ಮೇಲೆ ಮೂಡಿಸಿದೆವು. ಮಗುಚಿದ್ದರಿಂದ ಲಾಹೋರು ಬಲಗಡೆಗೂ ಅಮೃತಸರ ಎಡಗಡೆಗೂ ಬಂದವು. ಅದೊಂದೇ ಕೈಯನ್ನು ತಡೆಯಿತು. ವರ್ಷಾನುಗಟ್ಟಲೆ ಕಲಿಸಿದ ಗೆರೆಯೇ ಆದರೂ ಯಾವ ಮಗ್ಗುಲು ಯಾರದೆಂದು ಪ್ರತಿ ಸಲವೂ ನಿಂತು ಯೋಚಿಸಬೇಕಾಯಿತು.

ಗೆರೆಯನ್ನು ಉಳಿಸಿ ಎರಡು ಪಕ್ಕವನ್ನೂ ತೆಗೆಯತೊಡಗಿದೆವು. ಪಂಜಾಬಿನ ಕಡೆ ಗೆರೆಯು ಹೆಚ್ಚುಕಡಿಮೆ ಮರದ ಎಳೆಯ ಓಟಕ್ಕೇ ಇಳಿಯುತ್ತಿದ್ದುದರಿಂದ ಅಲ್ಲಿ ತೊಂದರೆಯಾಗಲಿಲ್ಲ. ರಾಜಸ್ಥಾನದ ಮರಳುಗಾಡಿನಲ್ಲಿ ಓರೆಯಾಗಿ ತಿರುಗಿದಾಗ ಅಂಚು ಜರಿಯಲಾರಂಭಿಸಿತು. ಕಚ್ಛಿನ ಬಳಿ ಗೆರೆಯು ಎಳೆಗೆ ಅಡ್ಡಲಾಗಿ ಪಶ್ಚಿಮಕ್ಕೆ ಹೊರಳುತ್ತದಷ್ಟೆ. ಅಲ್ಲಿ ಉಳಿಯನ್ನು ಸೋಕಿಸಿದೊಡನೆ ಅರ್ಧ ಅಂಗುಲದಷ್ಟು ಗಡಿಯು ಚಕ್ಕೆಯೆದ್ದು ಹಾರಿಹೋಯಿತು. ಆಚಾರಿಯವರು ತಮ್ಮ ಕೆಲಸದಿಂದ ತಲೆಯೆತ್ತದೆಯೇ, "ಅಷ್ಟು ಸಪುರ ಅಡ್ಡಕ್ಕೆ ನಿಲ್ಲುವುದಿಲ್ಲ ಮಾಷ್ಟ್ರೇ. ನಿಲ್ಲಬೇಕಾದರೆ ದಪ್ಪ ಬಿಡಬೇಕು" ಎಂದರು.

ಪುಸ್ತಕದ ಆ ಪುಟಕ್ಕೆ ನಾವು ಹಿಂದಿರುಗಿದ್ದು ಈ ಮಾತನ್ನು ಕೇಳಿದ ಮೇಲೆ. ರೇಖಾಗಣಿತವನ್ನು ಕಲಿಸುವಾಗ ರೇಖೆಗೆ ಉದ್ದವುಂಟು, ಅಗಲವಿಲ್ಲ ಎಂದು ನಾವು ಹೇಳಿಕೊಡುತ್ತೇವೆ. ಗಣಿತವನ್ನು ಓದಿದ್ದ ಜರೀನಾ ಇದನ್ನು ನಮಗಿಂತ ಚೆನ್ನಾಗಿ ಬಲ್ಲವರು. ರಾಜ್ಯಗಳ ಗಡಿಯೂ ಕಾನೂನಿನ ದೃಷ್ಟಿಯಲ್ಲಿ ಹಾಗೆಯೇ: ಇತ್ತ ಒಂದು ದೇಶ, ಅತ್ತ ಒಂದು ದೇಶ, ನಡುವೆ ಜಾಗವಿಲ್ಲ. ಸಿರಿಲ್ ರ್‍ಯಾಡ್‌ಕ್ಲಿಫ್ ೧೯೪೭ರ ಜುಲೈ ೮ರಂದು ಮೊದಲ ಬಾರಿಗೆ ಈ ದೇಶಕ್ಕೆ ಬಂ‌ದು, ಸುಮಾರು ಐದು ವಾರಗಳಲ್ಲಿ ನಕಾಶೆಗಳ ಮೇಲೆ ಎಳೆದು, ಆಗಸ್ಟ್ ೧೭ರಂದು ಬಹಿರಂಗವಾದ ಗೆರೆಯೂ ಹೀಗೆ ಅಗಲವಿಲ್ಲದ್ದೇ. ಲೇಖನಿಗೆ ಅದು ಸಾಧ್ಯ. ಮರಕ್ಕೆ ಸಾಧ್ಯವಿಲ್ಲ. ಮರದಲ್ಲಿ ಗೆರೆಯು ಬದುಕಬೇಕಾದರೆ ಅದಕ್ಕೆ ಮೈ ಬೇಕು, ದಪ್ಪ ಬೇಕು. ಅಗಲವಿಲ್ಲವೆಂದು ಹೇಳಿಕೊಂಡ ಗೆರೆಗೆ ಎಷ್ಟು ಅಗಲವಿತ್ತೆಂಬುದನ್ನು ಅದರ ಎರಡು ಪಕ್ಕಗಳಲ್ಲಿದ್ದವರು ಬಲ್ಲರು. ನಮಗೆ ಒರಟುತನವಾಗಿ ಕಂಡದ್ದು ಮರವು ಹಟಹಿಡಿದು ನುಡಿಸಿದ ಸತ್ಯ.

ಇಷ್ಟೇ ಅಲ್ಲ. ಲೇಖನಿಯಲ್ಲಿ ಎಳೆಯುವವನು ಗೆರೆಯ ಮೇಲೆ ಮಾತ್ರ ಕೈಯಾಡಿಸುತ್ತಾನೆ. ಆಚೀಚೆಯ ನೆಲವನ್ನು ಅವನು ಮುಟ್ಟಬೇಕಾದ್ದಿಲ್ಲ. ಮರದಲ್ಲಿ ಗೆರೆಯನ್ನು ಮಾಡುವವಳು ಗೆರೆಯೊಂದನ್ನು ಬಿಟ್ಟು ಉಳಿದ ಎಲ್ಲವನ್ನೂ ಮುಟ್ಟಬೇಕು. ಎಡದ ನೆಲವನ್ನು ಅಂಗುಲ ಅಂಗುಲವಾಗಿ ತೆಗೆಯಬೇಕು, ಬಲದ ನೆಲವನ್ನೂ ಹಾಗೆಯೇ ತೆಗೆಯಬೇಕು; ಎರಡೂ ಬರಿದಾದ ಮೇಲೆಯೇ ಗೆರೆಯು ಗೆರೆಯಾಗಿ ನಿಲ್ಲುವುದು. ಜರೀನಾ ಇದನ್ನು ತಾಮ್ರದಲ್ಲಿ ಮಾಡಬಹುದಾಗಿತ್ತು. ಪ್ಯಾರಿಸಿನಲ್ಲಿ ಆ ವಿದ್ಯೆಯನ್ನೂ ಕಲಿತವರು ಅವರು. ತಾಮ್ರದ ತಗಡಿನಲ್ಲಿ ಕೊರೆದ ಗೀರಿನೊಳಗೆ ಮಸಿ ನಿಂತು ಗೀರೇ ಕಪ್ಪಾಗಿ ಬರುತ್ತದೆ. ಲೇಖನಿಯ ನೆಂಟಸ್ತಿಕೆ ಅದಕ್ಕುಂಟು. ಮರದ ಹಲಗೆಯಲ್ಲಿಯೂ ಗೆರೆಯನ್ನೇ ತೋಡಿ, ಕಪ್ಪಿನಲ್ಲಿ ಬಿಳಿಯ ಗೆರೆಯಾಗಿ ತೆಗೆಯಬಹುದಾಗಿತ್ತು; ಅದು ಹತ್ತು ಪಾಲು ಸುಲಭ. ಅವರು ಮರವನ್ನು ಆರಿಸಿಕೊಂಡು, ಮರದಲ್ಲಿಯೂ ಕಷ್ಟವಾದ ದಾರಿಯನ್ನು ಹಿಡಿದರು. ಅರವತ್ತನ್ನು ದಾಟಿದ ಹೆಂಗಸು ಗಂಟೆಗಟ್ಟಲೆ ಬಾಗಿ ಕುಳಿತು ಎರಡು ದೇಶಗಳನ್ನು ಉಳಿಯಿಂದ ಖಾಲಿಮಾಡುವ ಚಿತ್ರ, ಈ ಅಚ್ಚನ್ನು ನೋಡುವಾಗಲೆಲ್ಲ ನಮ್ಮ ಕಣ್ಣಿಗೆ ಕಟ್ಟುತ್ತದೆ.

ಇನ್ನು ಆ ಸಣ್ಣ ಗೀಟುಗಳು. ಉಳಿಯು ತೋಡುತ್ತ ಹೋದಾಗ ಒಂದು ತೋಡಿಗೂ ಇನ್ನೊಂದಕ್ಕೂ ನಡುವೆ ಏಣುಗಳು ನಿಲ್ಲುತ್ತವೆ. ಉರುಳೆ ಹಾಯುವಾಗ ಅವಕ್ಕೂ ಮಸಿ ತಗಲಿ ಹಾಳೆಯ ಮೇಲೆ ಬಂದುಬಿಡುತ್ತವೆ. ನಾಜೂಕಿನ ಕೆಲಸಗಾರರು ಇವನ್ನು ಕೆರೆದುಹಾಕುತ್ತಾರೆ. ಜಪಾನಿನ ಗುರುವಿನ ಬಳಿ ಕಲಿತ ಜರೀನಾ ಅವರಿಗೆ ಅದು ಬಾರದ ವಿದ್ಯೆಯೇನಲ್ಲ. ಆದಕಾರಣ ಬೇಕೆಂದೇ ಬಿಟ್ಟಿದ್ದಾರೆಂದು ತಿಳಿಯಬೇಕು. ಗೀಟುಗಳು ಮನೆ ಬಿಟ್ಟು ನಡೆದ ಜನರ ಸಾಲುಗಳೆಂದು ಯಾರಾದರೂ ವ್ಯಾಖ್ಯಾನಿಸಬಹುದು. ಅಷ್ಟು ದೂರ ಹೋಗುವುದು ನಮಗೆ ಸರಿಕಾಣದು. ಅವು ತೆಗೆದರೂ ಪೂರ್ತಿಯಾಗಿ ಹೋಗದೆ ಉಳಿದ ಮರ. ಜನರೆಂದು ಹೇಳಿಬಿಟ್ಟರೆ ಆ ಮಾತು ದೊಡ್ಡದಾಗಿ ಮರ ಚಿಕ್ಕದಾಗುತ್ತದೆ.

ಇದೇ ಕಾರಣದಿಂದ, ಅವರ ಕೃತಿಗಳಲ್ಲಿ ಹೆಚ್ಚು ಕೀರ್ತಿವೆತ್ತ 'ಮನೆಯೆಂಬ ಪರದೇಶ'ದ (೧೯೯೯) ವಿಷಯದಲ್ಲಿ ನಮಗೆ ಕೆಲವು ಆಕ್ಷೇಪಗಳುಂಟು. ಇದು ಮೂವತ್ತಾರು ಮರದಚ್ಚುಗಳ ಮಾಲೆ. ಮನೆ, ಹೊಸ್ತಿಲು, ಬಾಗಿಲು, ಗಡಿ, ಭಾಷೆ ಮುಂತಾದ ಒಂದೊಂದು ಶಬ್ದಕ್ಕೆ ಒಂದೊಂದು ಅಚ್ಚು. ಚಿತ್ರದೊಡನೆ ಆ ಶಬ್ದವನ್ನು ಉರ್ದುವಿನಲ್ಲಿ ಬರೆಯಿಸಿದ್ದಾರೆ. ಶಬ್ದಗಳು ಮೊದಲು ಹುಟ್ಟಿದವು, ಚಿತ್ರಗಳು ಅವನ್ನು ಹಿಂಬಾಲಿಸಿದವು. 'ಮನೆ'ಯೆಂಬ ಅಚ್ಚಿನಲ್ಲಿ ಅಲಿಗಢದ ಮನೆಯ ತಳನಕ್ಷೆಯಿದೆ. ಅದರ ಮುಂದೆ ನಿಂತವರಿಗೆ ಕಣ್ಣು ಒದ್ದೆಯಾಗದಿರದು. ಆದರೆ ಎಲ್ಲವೂ ಹೀಗಿಲ್ಲ. ಕೆಲವೆಡೆ ಗೆರೆ, ಚೌಕ, ವೃತ್ತಗಳು ಶಬ್ದಕ್ಕೆ ಸಂಕೇತವಾಗಿ ನಿಲ್ಲುತ್ತವೆ. ಶಬ್ದವನ್ನು ಓದಿದೊಡನೆ ಚಿತ್ರ ಮುಗಿದುಹೋಗುತ್ತದೆ. ಅಂಥಲ್ಲಿ ಮರಕ್ಕೆ ಹೇಳಲು ಏನೂ ಉಳಿದಿಲ್ಲ. ನಾವು ಮೊದಲು ಹೇಳಿದ ಆಳು–ಧಣಿಯ ಸಂಬಂಧ ಇಲ್ಲಿ ಬಾಗಿಲ ಸಂದಿನಿಂದ ಮತ್ತೆ ಒಳಗೆ ಬಂದಿದೆಯೆಂದು ನಮಗನ್ನಿಸುತ್ತದೆ.

ಈ ಆಕ್ಷೇಪಕ್ಕೆ ಒಂದು ಸಮಾಧಾನವುಂಟೆಂಬುದನ್ನೂ ಬಲ್ಲೆವು. ನಮಗೆ ಉರ್ದು ಲಿಪಿಯನ್ನು ಓದಲು ಬಾರದು. ಶಬ್ದದ ಅರ್ಥವನ್ನು ಇಂಗ್ಲಿಷಿನ ಅಡಿಬರೆಹದಿಂದ ತಿಳಿದುಕೊಂಡವರು ನಾವು. ಹಾಗಿರುವಾಗ ಶಬ್ದವು ಚಿತ್ರವನ್ನು ನುಂಗಿತೆಂದು ದೂರುವುದು ಎಷ್ಟು ನ್ಯಾಯ? ನ್ಯೂಯಾರ್ಕಿನಲ್ಲಿ ಅದನ್ನು ನೋಡಿದವರಲ್ಲಿ ಎಷ್ಟು ಜನ ಓದಿದರು? ಅವರ ಪಾಲಿಗೆ ಆ ಲಿಪಿಯೂ ಒಂದು ಚಿತ್ರವೇ. ಓದುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆಂಬ ಅಳುಕಿನಿಂದ ತನ್ನ ಲಿಪಿಯನ್ನು ಎಲ್ಲಿಯಾದರೂ ಒಂದೆಡೆ ಅಚ್ಚೊತ್ತಿ ಇಡುವವರ ಮನಸ್ಸು, ಈ ಊರಿನಲ್ಲಿ ಕುಳಿತು ಈ ಪತ್ರಿಕೆಯನ್ನು ಹೊರಡಿಸುವವರಿಗೆ ಅರಿಯದ್ದೇನಲ್ಲ. ಆದರೂ ವಿಮರ್ಶೆಯು ಸಹಾನುಭೂತಿಯಲ್ಲಿ ಕರಗಿಹೋಗಬಾರದು. ಮೂವತ್ತಾರರಲ್ಲಿ ಹತ್ತು ಹನ್ನೆರಡನ್ನು ತೆಗೆದಿದ್ದರೆ ಮಾಲೆಯು ಬಡವಾಗುತ್ತಿರಲಿಲ್ಲವೆಂದೇ ನಮ್ಮ ಮತ.

೨೦೦೩ರ ಮಾಲೆಯೊಂದರಲ್ಲಿ ಯುದ್ಧಕ್ಕೂ ದಂಗೆಗೂ ತುತ್ತಾದ ಒಂಬತ್ತು ನಗರಗಳಿವೆ; ಬಾಗ್ದಾದು, ಸರಾಯೆವೋಗಳ ಜತೆಯಲ್ಲಿ ಅಹಮದಾಬಾದೂ ಇದೆ. ಅಲ್ಲಿ ಉಳಿಯ ಗಾಯವು ಮತ್ತೆ ಮರದ ಗಾಯವಾಗಿ ಕಾಣುತ್ತದೆ. ಅವನ್ನು ಕುರಿತು ಬೇರೆಯೇ ಬರೆಯಬೇಕು.

ಗಡಿಯ ಮಾತು ಬಂದಾಗ ಕಾಸರಗೋಡಿನವರಾದ ನಮಗೆ ನಮ್ಮ ಗೆರೆಯ ನೆನಪು ಬಾರದೆ ಇರದು. ೧೯೫೬ರ ನವೆಂಬರ್ ೧ರಂದು ಒಂದು ಗೆರೆ ನಮ್ಮ ಉತ್ತರಕ್ಕೆ ಬಂದು ನಿಂತಿತು. ಇವತ್ತು ತಲಪಾಡಿಯಲ್ಲಿ ಬಸ್ಸಿನಲ್ಲಿ ಕುಳಿತೇ ಅದನ್ನು ದಾಟಿ ಮಂಗಳೂರಿಗೆ ಹೋಗಿ ಸಾಮಾನು ಕೊಂಡು ಸಂಜೆಗೆ ಹಿಂದಿರುಗುತ್ತೇವೆ. ಜರೀನಾ ಕೊರೆದ ಗೆರೆಯ ಪಕ್ಕದಲ್ಲಿ ಇದನ್ನಿಟ್ಟು ಹೋಲಿಸುವುದು ಸಲ್ಲದು; ಹೋಲಿಸಿದರೆ ಅಲ್ಲಿ ಮನೆಮಠ ಕಳೆದುಕೊಂಡವರಿಗೆ ಮಾಡಿದ ಅವಮಾನವಾದೀತು. ಆದರೆ ನಕಾಶೆಯಲ್ಲಿ ಕೂದಲೆಳೆಯಷ್ಟಿರುವ ಗೆರೆಯು ನೆಲದ ಮೇಲೆ ಅಷ್ಟೇ ಇರುವುದಿಲ್ಲವೆಂಬುದನ್ನು ನಾವು ಶಾಲೆಯ ಹಾಜರಿ ಪುಸ್ತಕದಲ್ಲಿ ಕಾಣುತ್ತೇವೆ. ಅದಕ್ಕೂ ಒಂದು ಅಗಲವುಂಟು. ನಾವು ಪಾಠ ಹೇಳುವುದು ಆ ಅಗಲದೊಳಗೆ ನಿಂತು.

ಮಕ್ಕಳು ನಕಾಶೆ ಬರೆಯುವಾಗ ಗಡಿಯನ್ನು ಸೀಸದ ಕಡ್ಡಿಯಿಂದ ಒತ್ತಿ ದಪ್ಪವಾಗಿ ಎಳೆದುಬಿಡುವುದುಂಟು. ಮೊದಲೆಲ್ಲ ಅದನ್ನು ಅಳಿಸಿ ತೆಳ್ಳಗೆ ಬರೆಯಿಸುತ್ತಿದ್ದೆವು. ಮೊನ್ನೆ ಒಬ್ಬ ಹುಡುಗಿ ತಾನಾಗಿಯೇ ಅಳಿಸಲು ಹೊರಟಾಗ ಏನು ಹೇಳಬೇಕೆಂದು ತೋಚದೆ, ಇರಲಿ ಬಿಡು ಎಂದೆವು. ಅವಳು ಅನುಮಾನದಿಂದ ನಮ್ಮ ಮುಖ ನೋಡಿದಳು.

ನಾವು ಕೆಡಿಸಿದ ಮಾವಿನ ಹಲಗೆ ಆಚಾರಿಯವರ ಕೊಟ್ಟಿಗೆಯಲ್ಲಿಯೇ ಉಳಿಯಿತು. ಮರವನ್ನು ಹಾಳುಮಾಡುವವರಲ್ಲ ಅವರು. ಮಳೆಗಾಲಕ್ಕೆ ಮುಂಚೆ ಅದನ್ನು ಅಳತೆಗೆ ಕೊಯ್ದು ಇರಚಲು ಹೊಡೆಯುವ ಕಿಟಕಿಗೆ ಮೊಳೆ ಹೊಡೆದು ಕೂಡಿಸಿದ್ದಾರೆ. ಗೆರೆಯಿರುವ ಮುಖ ಒಳಗಡೆಗೆ ಇದೆ. ಕಚ್ಛಿನ ಬಳಿ ತುಂಡಾದದ್ದು ಹಾಗೆಯೇ ಕಾಣುತ್ತದೆ.